ಹಳೆಯ ಕ್ಯೂ: ಉಪ್ಪುಕಾಗದ ಹಿಡಿಯುವ ಮುನ್ನ

ಸಂಪಾದಕರಿಗೆ,

ಮಾನ್ಯರೇ,

ತಮ್ಮ ಪತ್ರಿಕೆಯ ಕಳೆದ ಭಾನುವಾರದ ಪುರವಣಿಯಲ್ಲಿ ಹಳೆಯ ವಸ್ತುಗಳ ದುರಸ್ತಿಯನ್ನು ಕುರಿತು ಪ್ರಕಟವಾದ ಲೇಖನವನ್ನು ಓದಿದೆ. ಗೋಡೆ ಗಡಿಯಾರ, ಹೊಲಿಗೆ ಯಂತ್ರಗಳ ಬಗ್ಗೆ ಲೇಖಕರು ಬರೆದಿರುವುದರಲ್ಲಿ ನನಗೆ ಯಾವ ತಕರಾರೂ ಇಲ್ಲ, ಆ ವಿಷಯ ನನಗೆ ಅಷ್ಟಾಗಿ ಗೊತ್ತೂ ಇಲ್ಲ. ಆದರೆ ಚೆಂಡು ಹೊಡೆಯುವ ಉದ್ದನೆಯ ಕೋಲುಗಳಾದ ಪೂಲ್ ಮತ್ತು ಬಿಲಿಯರ್ಡ್ಸ್ ಕ್ಯೂಗಳ ಬಗ್ಗೆ ಒಂದು ಪ್ಯಾರಾದಲ್ಲಿ ಕೊಟ್ಟಿರುವ ಸಲಹೆಯನ್ನು, ಅಂದರೆ ಮೇಜಿನ ಮೇಲೆ ಉರುಳಿಸಿ ನೋಡಿ, ಕುಣಿದರೆ ಬಿಸಾಡಿ, ಕುಣಿಯದಿದ್ದರೆ ಉಪ್ಪುಕಾಗದದಿಂದ ಉಜ್ಜಿ ಹೊಸ ವಾರ್ನಿಷ್ ಹೊಡೆಸಿ ಎಂಬುದನ್ನು, ಓದುಗರು ಹಾಗೆಯೇ ಪಾಲಿಸಿದರೆ ನಮ್ಮ ಮನೆಗಳ ಅಟ್ಟದಲ್ಲೂ ಕ್ಲಬ್ಬುಗಳ ಉಗ್ರಾಣದಲ್ಲೂ ಉಳಿದಿರುವ ಕೆಲವೇ ಒಳ್ಳೆಯ ಕ್ಯೂಗಳು ಈ ವರ್ಷವೇ ಹಾಳಾಗುತ್ತವೆ ಎಂಬ ಆತಂಕದಿಂದ ಈ ಪತ್ರ ಬರೆಯುತ್ತಿದ್ದೇನೆ. ಆ ಸಲಹೆಯನ್ನು ನಾನೇ ಒಮ್ಮೆ ಪಾಲಿಸಿ ಕೈಸುಟ್ಟುಕೊಂಡವನು.

ಮೊದಲನೆಯದಾಗಿ, ಲೇಖನವು ಎರಡು ಬೇರೆ ಬೇರೆ ವಸ್ತುಗಳನ್ನು ಒಂದೇ ಎಂದು ಭಾವಿಸಿದೆ. ಪೂಲ್ ಕ್ಯೂ ಬೆಳೆದದ್ದು ಅಮೆರಿಕದಲ್ಲಿ. ಅದು ಸಾಮಾನ್ಯವಾಗಿ ನಡುವಿನ ತಿರುಪಿನಿಂದ ಎರಡು ತುಂಡಾಗುತ್ತದೆ. ಮುಂದಿನ ತುಂಡಾದ ಶಾಫ್ಟ್ ಗಟ್ಟಿ ಮೇಪಲ್ ಮರದ್ದಾಗಿದ್ದು ತುದಿಯಲ್ಲಿ ಸುಮಾರು 13 ಮಿಲಿಮೀಟರ್ ದಪ್ಪವಿರುತ್ತದೆ, ಹಿಡಿಯುವ ಭಾಗವಾದ ಬಟ್ಟಿಗೆ ಲಿನನ್ ದಾರವನ್ನೋ ಚರ್ಮವನ್ನೋ ಸುತ್ತಿರುತ್ತಾರೆ. ಒಳ್ಳೆಯ ತಯಾರಕರು ಒಂದು ಬಟ್ಟಿಗೆ ಎರಡು ಶಾಫ್ಟ್ ಕೊಡುವುದು ಅಲ್ಲಿನ ವಾಡಿಕೆ. ಹೀಗಾಗಿ ಪೂಲ್ ಕ್ಯೂವಿನ ಶಾಫ್ಟ್ ಡೊಂಕಾಗಿದೆ ಎಂದರೆ ಅದೇನೂ ಮರಣಶಾಸನವಲ್ಲ, ತಿರುಪಿನ ಅಳತೆಗೆ ಹೊಂದುವ ಇನ್ನೊಂದು ಶಾಫ್ಟನ್ನು ಲೇತ್ ಮೇಲೆ ಮಾಡಿಸಬಹುದು. ಬಟ್ ಚೆನ್ನಾಗಿದ್ದರೆ ಕ್ಯೂ ಬದುಕಿದೆ ಎಂದೇ ಅರ್ಥ.

ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಸಿಗುವುದು ಬಹುತೇಕ ಆ ಜಾತಿಯದಲ್ಲ. 1875ರಲ್ಲಿ ಜಬಲ್ಪುರದ ಸೇನಾ ಮೆಸ್ಸಿನಲ್ಲಿ ನೆವಿಲ್ ಚೇಂಬರ್ಲೇನ್ ಎಂಬ ಯುವ ಅಧಿಕಾರಿ ಸ್ನೂಕರ್ ಆಟವನ್ನು ರೂಪಿಸಿದ್ದು, ಮುಂದೆ ಅದರ ನಿಯಮಗಳು ನಮ್ಮ ಪಕ್ಕದ ಊಟಿ ಕ್ಲಬ್ಬಿನಲ್ಲಿ ಬರಹ ರೂಪಕ್ಕೆ ಬಂದದ್ದು ಹಲವರಿಗೆ ತಿಳಿದಿರಬಹುದು. ಆ ಕಾಲದಿಂದ ದಂಡುಪ್ರದೇಶದ ಮೆಸ್ಸುಗಳಿಗೆ, ಅರಮನೆಗಳಿಗೆ, ಕಾಫಿ ತೋಟದ ಕ್ಲಬ್ಬುಗಳಿಗೆ ಹಡಗಿನಲ್ಲಿ ಬಂದವು ಇಂಗ್ಲಿಷ್ ಕ್ಯೂಗಳು. ಲಂಡನ್ನಿನ ಥರ್ಸ್‌ಟನ್, 1836ರಲ್ಲಿ ಆರಂಭವಾದ ಬರೋಸ್ ಅಂಡ್ ವಾಟ್ಸ್, ಲಿವರ್‌ಪೂಲಿನ ಪೆರಾಡಾನ್ ಮೊದಲಾದ ಹೆಸರುಗಳನ್ನು ಅವುಗಳ ಬಟ್ಟಿನ ಮೇಲಿನ ಪುಟ್ಟ ಬಿಲ್ಲೆಯಲ್ಲಿ ಓದಬಹುದು. ಇವು ಸುಮಾರು 57–58 ಇಂಚು ಉದ್ದದ, ತಿರುಪಿನಿಂದ ಬಿಚ್ಚಲಾಗದ ಒಂದೇ ತುಂಡು. ಮುಂದಿನ ಭಾಗ ಬಿಳಿಯ ಆಶ್ ಮರ, ಹಿಂದಿನ ಭಾಗ ಕರಿಮರ ಅಥವಾ ಬೀಟೆ. ಎರಡನ್ನೂ ಬೆರಳುಗಳನ್ನು ಹೆಣೆದಂತೆ ಒಂದರೊಳಗೊಂದು ಸೇರಿಸಿರುತ್ತಾರೆ, ಈ ಸೇರಿಕೆಗೆ ಸ್ಪ್ಲೈಸ್ ಎನ್ನುತ್ತಾರೆ. ತುದಿಯಲ್ಲಿ ಫೆರುಲ್ ಎಂಬ ಹಿತ್ತಾಳೆಯ ಬಳೆ, ದಪ್ಪ 9ರಿಂದ 10 ಮಿಲಿಮೀಟರ್. ಇದರ ಶಾಫ್ಟ್ ಹೋಯಿತೆಂದರೆ ಬದಲಿ ಹಾಕಲು ತಿರುಪೇ ಇಲ್ಲ, ಶಾಫ್ಟೇ ಇದರ ಜೀವ.

ಈ ವ್ಯತ್ಯಾಸ ಎಷ್ಟರಮಟ್ಟಿಗೆ ಹೋಗುತ್ತದೆ ಎಂಬುದಕ್ಕೆ ಅಮೆರಿಕದ್ದೇ ಒಂದು ಉದಾಹರಣೆ ಕೊಡುತ್ತೇನೆ. ಬ್ರನ್ಸ್‌ವಿಕ್ ಕಂಪನಿಯು ಕಳೆದ ಶತಮಾನದ ಮಧ್ಯಭಾಗದಲ್ಲಿ ಟೈಟ್ಲಿಸ್ಟ್ ಎಂಬ ಒಂದೇ ತುಂಡಿನ ಕ್ಯೂವನ್ನು ಪೂಲ್ ಹಾಲುಗಳ ಗೋಡೆಗೆ ಒರಗಿಸುವ ಸಾಮಾನ್ಯ ಸರಕಾಗಿ ಮಾರುತ್ತಿತ್ತು. ಅದರ ಸ್ಪ್ಲೈಸ್ ಎಷ್ಟು ಚೆನ್ನಾಗಿತ್ತೆಂದರೆ ಶಿಕಾಗೋದ ಹರ್ಮನ್ ರ್‍ಯಾಂಬೋ, ನ್ಯೂಯಾರ್ಕಿನ ಜಾರ್ಜ್ ಬಲಬುಷ್ಕ ಅವರಂಥ ಕುಶಲಕರ್ಮಿಗಳು ಆ ಕೋಲನ್ನು ನಡುವೆ ಕತ್ತರಿಸಿ, ತಿರುಪು ಕೂರಿಸಿ, ಹೊಸ ಶಾಫ್ಟ್ ಜೋಡಿಸಿ ಬೇರೆಯದೇ ಕ್ಯೂ ಮಾಡುತ್ತಿದ್ದರು. ಬಲಬುಷ್ಕ 1912ರಲ್ಲಿ ರಷ್ಯಾದಲ್ಲಿ ಹುಟ್ಟಿ ಹುಡುಗನಾಗಿದ್ದಾಗಲೇ ಅಮೆರಿಕಕ್ಕೆ ವಲಸೆ ಹೋದವರು. ಮರಗೆಲಸ ಬಲ್ಲ ಅವರು 1959ರ ಹೊತ್ತಿಗೆ ಕ್ಯೂ ತಯಾರಿಕೆಗೆ ಇಳಿದರು, 1975ರಲ್ಲಿ ತೀರಿಕೊಂಡರು. ಅವರ ಕೈಯಿಂದ ಬಂದ ಕ್ಯೂಗಳಿಗೆ ಇಂದು ಸಂಗ್ರಾಹಕರು ಕೊಡುವ ಬೆಲೆಯಲ್ಲಿ ನಮ್ಮೂರಿನಲ್ಲಿ ಸ್ನೂಕರ್ ಟೇಬಲ್ಲನ್ನೇ ಕೊಳ್ಳಬಹುದು. ಹಳೆಯ ಕ್ಯೂವನ್ನು ಕತ್ತರಿಸುವುದು ಅಲ್ಲಿ ಹೊಸದೊಂದನ್ನು ಕಟ್ಟುವ ಕೆಲಸವಾಗಿತ್ತು. ಅದನ್ನು ಓದಿದ ನಮ್ಮವರೊಬ್ಬರು ಬಟ್ಟಿನ ಮೇಲೆ ಬಿಲ್ಲೆಯಿದ್ದ, ಸಂಪೂರ್ಣ ನೆಟ್ಟಗಿದ್ದ ಇಂಗ್ಲಿಷ್ ಕ್ಯೂವೊಂದನ್ನು ಸ್ಕೂಟರಿನಲ್ಲಿ ಒಯ್ಯಲು ಅನುಕೂಲವಾಗಲೆಂದು ನಡುವೆ ಕತ್ತರಿಸಿ ಹಿತ್ತಾಳೆಯ ಜಾಯಿಂಟ್ ಹಾಕಿಸಿಕೊಂಡದ್ದನ್ನು ಕಂಡಿದ್ದೇನೆ. ಅವರಿಗೆ ಅನುಕೂಲವಾಯಿತು ನಿಜ, ಆದರೆ ಅದಕ್ಕೆ ಇಂದು ಮಾಡಿದ ಯಾವ ಹೊಸ ಕ್ಯೂ ಆದರೂ ಸಾಕಾಗುತ್ತಿತ್ತು.

ಇನ್ನು ಉರುಳಿಸುವ ಪರೀಕ್ಷೆ. ಕ್ಯೂ ಎಂಬುದು ಒಂದು ಕಡೆ ದಪ್ಪ, ಇನ್ನೊಂದು ಕಡೆ ಸಪೂರ. ಹಳೆಯ ಕ್ಯೂಗಳನ್ನು ಕೊನೆಯ ಹದಕ್ಕೆ ತಂದದ್ದು ಕೈಯಲ್ಲಿ ಹಿಡಿದ ಸಣ್ಣ ಉಜ್ಜುಗೊರಡಿನಿಂದ, ಆದ್ದರಿಂದ ಅವುಗಳ ಬಟ್ ಪೂರ್ತಿ ದುಂಡಗಿರಲೇಬೇಕೆಂದಿಲ್ಲ. ಅನೇಕ ಇಂಗ್ಲಿಷ್ ಕ್ಯೂಗಳ ಬಟ್ಟಿನ ಕೊನೆಯಲ್ಲಿ ಬೇಕೆಂದೇ ಒಂದು ಕಡೆ ಚಪ್ಪಟೆಯಾಗಿ ಕೆತ್ತಿರುತ್ತಾರೆ. ಇಂಥ ಕೋಲನ್ನು ಮೇಜಿನ ಮೇಲೆ ಉರುಳಿಸಿದರೆ ಅದು ಎಷ್ಟೇ ನೆಟ್ಟಗಿದ್ದರೂ ಕುಣಿಯುತ್ತದೆ. ನಮ್ಮ ಕ್ಲಬ್ಬಿನಲ್ಲಿ ಬಹಳ ಕಾಲ ಮಾರ್ಕರ್ ಆಗಿ ಆಟದ ಅಂಕ ಬರೆಯುತ್ತಿದ್ದ ಹಿರಿಯರೊಬ್ಬರು, ಹೊಸ ಸದಸ್ಯರು ಕ್ಯೂ ಉರುಳಿಸಿ ಮುಖ ಗಂಟಿಕ್ಕಿದಾಗಲೆಲ್ಲ, “ಕೋಲು ಸರಿಯಾಗೇ ಐತೆ ಸ್ವಾಮಿ, ಟೇಬಲ್ ನೋಡ್ಕಳಿ” ಎನ್ನುತ್ತಿದ್ದರು. ಅವರು ಮಾಡುತ್ತಿದ್ದುದು ಆಚಾರಿಗಳು ತೊಲೆ ನೋಡುವ ರೀತಿ. ಬಟ್ಟನ್ನು ಕೆನ್ನೆಗೆ ಆನಿಸಿ, ತುದಿಯನ್ನು ಕಿಟಕಿಯ ಬೆಳಕಿನ ಕಡೆಗೆ ಹಿಡಿದು, ಒಂದು ಕಣ್ಣು ಮುಚ್ಚಿ ಕೋಲಿನ ಉದ್ದಕ್ಕೂ ನೋಡುತ್ತ ನಿಧಾನವಾಗಿ ತಿರುಗಿಸುವುದು. ಬಾಗು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ, ಅದು ಒಂದೇ ದಿಕ್ಕಿನದೇ ಅಥವಾ ಹಾವಿನಂತೆ ಎರಡು ಕಡೆಗೂ ಹೊರಳಿದೆಯೇ ಎಂಬುದೆಲ್ಲ ಆಗ ತಾನಾಗಿ ಕಾಣುತ್ತದೆ.

ಬಾಗು ಕಂಡ ಮೇಲೂ ತೀರ್ಮಾನಕ್ಕೆ ಬರುವುದು ಬೇಡ. ಮಳೆಗಾಲಗಳನ್ನು ಮೂಲೆಗೆ ಒರಗಿಕೊಂಡೇ ಕಳೆದ ಕ್ಯೂ ಸ್ವಲ್ಪ ಬಾಗದೆ ಇರುವುದೇ ಆಶ್ಚರ್ಯ. ಉದ್ದಕ್ಕೂ ಹರಡಿಕೊಂಡ ಎರಡು ಮೂರು ಮಿಲಿಮೀಟರಿನ ಮಂದ ಬಾಗು ಆಟಕ್ಕೆ ಅಡ್ಡಿಯಲ್ಲ. ಕ್ಯೂವನ್ನು ಪ್ರತಿಸಲವೂ ಒಂದೇ ಮಗ್ಗುಲಲ್ಲಿ ಹಿಡಿಯುವ ಅಭ್ಯಾಸವಿದ್ದವರಿಗೆ ಅದು ಗೊತ್ತೂ ಆಗುವುದಿಲ್ಲ. ಕೆಟ್ಟದ್ದು ತುದಿಯಿಂದ ಒಂದು ಅಡಿಯೊಳಗೆ ಥಟ್ಟನೆ ತಿರುಗುವ ಬಾಗು. ಅದಕ್ಕೆ ಕಾರಣ ಸಾಮಾನ್ಯವಾಗಿ ಮರದ ಎಳೆಯಲ್ಲೇ ಇರುತ್ತದೆ. ಆಶ್ ಶಾಫ್ಟಿನ ಮೇಲ್ಮೈಯಲ್ಲಿ ಬಾಣದ ತಲೆಗಳಂತೆ ಒಂದರ ಹಿಂದೊಂದು ಕಾಣುವ ಗುರುತುಗಳು ನಡುಗೆರೆಯಲ್ಲೇ ಸಾಗಿದ್ದು, ಪಕ್ಕದ ಎಳೆಗಳು ತುದಿಯವರೆಗೆ ಕೋಲಿನ ಜೊತೆಗೇ ಹೋಗಿದ್ದರೆ ಮರ ಒಳ್ಳೆಯದು. ಎಳೆಗಳು ಅರ್ಧ ದಾರಿಯಲ್ಲೇ ಪಕ್ಕಕ್ಕೆ ಇಳಿದು ಹೊರಗೆ ಹೋಗಿದ್ದರೆ, ಆ ಕೋಲನ್ನು ಹಬೆಯಲ್ಲಿ ಕಾಯಿಸಿ, ಕಲ್ಲು ಹೇರಿ ನೆಟ್ಟಗೆ ಮಾಡಿದರೂ ಮುಂದಿನ ಆಷಾಢಕ್ಕೆ ಅದು ತನ್ನ ಹಳೆಯ ದಾರಿಯನ್ನೇ ಹಿಡಿಯುವ ಸಂಭವ ಹೆಚ್ಚು. ಕಾಯಿಸಿ ನೆಟ್ಟಗೆ ಮಾಡಿಕೊಡುತ್ತೇವೆ ಎನ್ನುವವರನ್ನು ಒಂದು ಮಳೆಗಾಲ ಕಳೆದ ಮೇಲೆ ಮತ್ತೆ ಭೇಟಿಯಾಗುವುದು ಒಳ್ಳೆಯದು.

ಬಾಗಿಗಿಂತ ಹೆಚ್ಚಾಗಿ ನಾನು ನೋಡುವುದು ತುದಿಯ ದಪ್ಪವನ್ನು. ಇದು ಲೇಖನದಲ್ಲಿ ಬಂದೇ ಇಲ್ಲ. ಕ್ಲಬ್ಬಿನ ಕ್ಯೂಗಳ ಮುಂಭಾಗಕ್ಕೆ ದಿನವೂ ಬೆವರು, ಚಾಕ್ ಪುಡಿ ಅಂಟುತ್ತದೆ. ಅದನ್ನು ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸುವ ಬದಲು ಉಪ್ಪುಕಾಗದದಿಂದ ಸರಕ್ಕನೆ ಒಂದೆರಡು ಸಲ ಎಳೆಯುವುದು ಹಲವು ಕಡೆ ರೂಢಿ. ಒಂದು ಎಳೆತಕ್ಕೆ ಹೋಗುವ ಮರ ಕಣ್ಣಿಗೆ ಕಾಣುವುದಿಲ್ಲ, ಆದರೆ ಇಪ್ಪತ್ತು ವರ್ಷದಲ್ಲಿ ಒಂದು ಮಿಲಿಮೀಟರ್ ಹೋಗಿರುತ್ತದೆ. ಫೆರುಲ್ ಲೋಹದ್ದಾದ್ದರಿಂದ ತನ್ನ ದಪ್ಪ ಉಳಿಸಿಕೊಂಡಿರುತ್ತದೆ, ಅದರ ಹಿಂದಿನ ಮರ ಸವೆದು ಸೊಂಟದಂತೆ ಒಳಗೆ ಹೋಗಿರುತ್ತದೆ. ಬೆರಳ ತುದಿಯನ್ನು ಫೆರುಲ್ ಮೇಲಿಟ್ಟು ಹಿಂದಕ್ಕೆ ಜಾರಿಸಿದರೆ ಮೆಟ್ಟಿಲು ಇಳಿದಂತೆ ತಿಳಿಯುತ್ತದೆ. ಹೀಗೆ ಸಪೂರವಾದ ಶಾಫ್ಟ್ ಹೊಡೆತಕ್ಕೆ ಬಳುಕುತ್ತದೆ, ಹೋದ ಮರವನ್ನು ಯಾರೂ ಮರಳಿ ತರಲಾರರು. ಕತ್ತರಿಸಿ ದಪ್ಪ ಪಡೆಯೋಣವೆಂದರೆ ಅದಕ್ಕೂ ಲೆಕ್ಕವಿದೆ. ಬಟ್ಟಿನಲ್ಲಿ 29 ಮಿಲಿಮೀಟರ್, ತುದಿಯಲ್ಲಿ 9.5 ಮಿಲಿಮೀಟರ್ ಇರುವ 58 ಇಂಚಿನ ಕ್ಯೂವಿನಲ್ಲಿ ಒಂದು ಇಂಚು ಕತ್ತರಿಸಿದರೆ ಸಿಗುವುದು ಸುಮಾರು ಮೂರನೇ ಒಂದು ಮಿಲಿಮೀಟರ್ ಮಾತ್ರ. ಒಂದು ಮಿಲಿಮೀಟರ್ ಬೇಕೆಂದರೆ ಮೂರು ಇಂಚು ಕೊಡಬೇಕು, ಅಷ್ಟರಲ್ಲಿ ತೂಕದ ಸಮತೋಲ ಹಿಂದಕ್ಕೆ ಸರಿದು ಕ್ಯೂ ಕೈಯಲ್ಲಿ ಒನಕೆಯಂತೆ ಅನಿಸತೊಡಗುತ್ತದೆ.

ಟಿಪ್ಪಿನ, ಅಂದರೆ ಚೆಂಡಿಗೆ ತಾಗುವ ತುದಿಯ ಚರ್ಮದ ತುಣುಕಿನ ಬಗ್ಗೆ ಯೋಚಿಸುವುದೇ ಬೇಡ. ಅದು ಚಪ್ಪಲಿಯ ಅಟ್ಟೆಯಿದ್ದಂತೆ, ಸವೆಯುವುದಕ್ಕೇ ಇರುವುದು. ಸೀಳಿದ ಫೆರುಲ್ ಕೂಡ ಅಷ್ಟೇ. ಒಡೆದ ಫೆರುಲ್ ನೋಡಿ ಹೆದರಿ ಕ್ಯೂವನ್ನೇ ಗುಜರಿಗೆ ಹಾಕಿದವರಿದ್ದಾರೆ ಎಂಬ ಕಾರಣಕ್ಕೆ ಇಷ್ಟು ಹೇಳಿದೆ.

ಸ್ಪ್ಲೈಸಿನ ಮಾತಿಗೆ ಬರೋಣ. ಕ್ಯೂವನ್ನು ಸಡಿಲವಾಗಿ ನೆಟ್ಟಗೆ ಹಿಡಿದು, ಮರದ ನೆಲದ ಮೇಲೆ ಒಂದು ಇಂಚು ಎತ್ತರದಿಂದ ಬಟ್ಟನ್ನು ಬಿಡಬೇಕು. ಟಕ್ ಎಂಬ ಒಂದೇ ಗಟ್ಟಿ ಸದ್ದು ಬಂದರೆ ಒಳಗಿನ ಸೇರಿಕೆ ಭದ್ರವಾಗಿದೆ. ಝರ್ ಎಂಬ ಕಂಪನ ಸೇರಿಕೊಂಡರೆ ಫೆರುಲ್ ಸಡಿಲವಾಗಿರಬೇಕು, ಇಲ್ಲವೇ ಸ್ಪ್ಲೈಸಿನ ಅಂಟು ಬಿಟ್ಟಿರಬೇಕು. ಸ್ಪ್ಲೈಸಿನ ಆಕಾರದಲ್ಲೂ ಓದಿಕೊಳ್ಳಬೇಕಾದದ್ದಿದೆ. ಕರಿಮರವು ಆಶ್ ಮರದೊಳಗೆ ಏರಿದ ತುದಿಗಳು ಚೂಪಾಗಿ, ಗರಗಸದ ಹಲ್ಲಿನಂತೆ ಒಂದೇ ಅಳತೆಯಲ್ಲಿದ್ದರೆ ಅದು ಯಂತ್ರದಲ್ಲಿ ಮಾಡಿದ ಸ್ಪ್ಲೈಸ್. ತುದಿಗಳು ಕಮಾನಿನಂತೆ ದುಂಡಗಿದ್ದು, ಒಂದಕ್ಕಿಂತ ಒಂದು ತುಸು ಹೆಚ್ಚುಕಡಿಮೆ ಎತ್ತರದಲ್ಲಿದ್ದರೆ ಕೈಯಲ್ಲಿ ಮಾಡಿದ್ದು. ಕೈ ಸ್ಪ್ಲೈಸಿನ ಕ್ಯೂ ಎಂದು ಗೊತ್ತಾದರೆ ದುರಸ್ತಿಗೆ ಒಂದಿಷ್ಟು ಹೆಚ್ಚು ಖರ್ಚು ಮಾಡಲು ನಾನು ಹಿಂಜರಿಯುವುದಿಲ್ಲ. ಅಂಟು ಬಿಟ್ಟ ಕಡೆ ಫೆವಿಕಾಲ್ ತುಂಬುವುದು ಮಾತ್ರ ಬೇಡ. ಹಳೆಯ ಸೇರಿಕೆಗಳಲ್ಲಿ ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡಿದ ಸರೇಸು ಇರುತ್ತದೆ. ಬಿಳಿ ಅಂಟು ಅದರ ಮೇಲೆ ಸರಿಯಾಗಿ ಕೂರುವುದಿಲ್ಲ, ಭಾರ ಬಿದ್ದಾಗ ನಿಧಾನವಾಗಿ ಜರುಗುತ್ತದೆ, ಮುಂದೆ ಬಲ್ಲವರ ಕೈಗೆ ಕೊಟ್ಟಾಗ ಅದನ್ನು ತೆಗೆಯುವುದೇ ದೊಡ್ಡ ಕೆಲಸವಾಗುತ್ತದೆ. ಸರೇಸಾದರೆ ಬಿಸಿನೀರಿಗೆ ಕರಗುತ್ತದೆ, ಹೊಸ ಸರೇಸು ಹಳೆಯದರೊಂದಿಗೆ ಬೆರೆಯುತ್ತದೆ.

ಈಗ ಉಪ್ಪುಕಾಗದ ಮತ್ತು ವಾರ್ನಿಷ್. ನನ್ನ ಬಳಿ ಎರಡು ಹಳೆಯ ಕ್ಯೂಗಳಿದ್ದವು. ಒಂದನ್ನು ಸುಮಾರು ಹದಿನೈದು ವರ್ಷಗಳ ಹಿಂದೆ ಪೀಠೋಪಕರಣಗಳಿಗೆ ಪಾಲಿಶ್ ಹಾಕುವ ಅಂಗಡಿಯೊಂದಕ್ಕೆ ಕೊಟ್ಟೆ. ಅವರಿಗೆ ನಾನು ಹೇಳಿದ್ದು “ಚೆನ್ನಾಗಿ ಕ್ಲೀನ್ ಮಾಡಿಕೊಡಿ” ಎಂದು ಅಷ್ಟೇ. ಒಂದು ವಾರದ ಮೇಲೆ ಹೋದಾಗ ನನ್ನ ಕೈಗೆ ಬಂದದ್ದು ಗಾಜಿನಂತೆ ಹೊಳೆಯುವ ಕೋಲು. ಬೆಲ್ಟ್ ಸ್ಯಾಂಡರಿನಲ್ಲಿ ಹಳೆಯ ಮೈಯನ್ನೆಲ್ಲ ತೆಗೆದು, ಕರಿಮರಕ್ಕೆ ಇನ್ನಷ್ಟು ಕಪ್ಪು ಬಣ್ಣ ಕೊಟ್ಟು, ಮೇಲೆ ಮೆಲಮೈನ್ ಹೊಡೆದಿದ್ದರು. ಬಟ್ಟಿನ ಮೇಲಿನ ಬಿಲ್ಲೆ ಕೆಲಸಕ್ಕೆ ಅಡ್ಡವಾಯಿತೆಂದು ಕಿತ್ತು, ಆ ಗುಳಿಗೆ ಪುಟ್ಟಿ ತುಂಬಿದ್ದರು. ಬಿಲ್ಲೆ ಎಲ್ಲಿ ಎಂದು ಕೇಳಿದರೆ ಅಂಗಡಿಯ ಹುಡುಗ ನೆಲದ ಹೊಟ್ಟಿನ ರಾಶಿಯ ಕಡೆ ನೋಡಿದ. ತಪ್ಪು ಅವರದಲ್ಲ. ಅವರು ಸೋಫಾದ ಕಾಲಿಗೆ ಮಾಡುವುದನ್ನೇ ಇದಕ್ಕೂ ಮಾಡಿದ್ದರು, ಕೇಳಿದ್ದು ನಾನು. ಆ ಮೆಲಮೈನ್ ಪದರದ ಮೇಲೆ ಬೆವರಿದ ಬೆರಳು ಸರಾಗವಾಗಿ ಜಾರದೆ ಅಂಟಿ ಅಂಟಿ ನಿಲ್ಲುತ್ತಿದ್ದುದರಿಂದ ಆ ಕ್ಯೂವಿನಲ್ಲಿ ಆಡಲೂ ಆಗಲಿಲ್ಲ. ಈಗ ಅದು ನಮ್ಮ ಮನೆಯಲ್ಲಿ ಪರದೆಯ ಕೋಲಾಗಿದೆ.

ಹಳೆಯ ಕ್ಯೂವಿನ ಬಟ್ಟಿಗೆ ಸಾಮಾನ್ಯವಾಗಿ ಇರುವುದು ಅರಗಿನ ಫ್ರೆಂಚ್ ಪಾಲಿಶ್, ಶಾಫ್ಟಿಗೆ ಅಗಸೆ ಎಣ್ಣೆ. ಮೇಲಿನ ಪದರ ಅರಗು ಹೌದೋ ಅಲ್ಲವೋ ಎಂದು ತಿಳಿಯಲು ಬಟ್ಟಿನ ಕೊನೆಯಲ್ಲಿ, ಕಣ್ಣಿಗೆ ಬೀಳದ ಜಾಗದಲ್ಲಿ, ಸ್ಪಿರಿಟ್ಟಿನಲ್ಲಿ ತುಸು ಅದ್ದಿದ ಹತ್ತಿಯನ್ನು ಕಡ್ಡಿಗೆ ಸುತ್ತಿ ಮುಟ್ಟಿಸಿದರೆ ಸಾಕು, ಅರಗಾದರೆ ಮೆತ್ತಗಾಗಿ ಹತ್ತಿಗೆ ಕಂದು ಬಣ್ಣ ಹತ್ತುತ್ತದೆ. ಅರಗಿನ ಪಾಲಿಶ್ ಎಷ್ಟೇ ಮಾಸಿದ್ದರೂ ಅದರ ಮೇಲೆಯೇ ಹೊಸದಾಗಿ ತೆಳುವಾದ ಕೈ ಕೊಡಬಹುದು, ಕೆರೆಯುವ ಅಗತ್ಯವಿಲ್ಲ. ಅರವತ್ತು ಎಂಬತ್ತು ವರ್ಷಗಳ ಕೈಬಳಕೆಯಿಂದ ಮರಕ್ಕೆ ಬಂದ ಜೇನುಬಣ್ಣವು ಮೇಲಿನ ಕೂದಲೆಳೆಯಷ್ಟು ಪದರದಲ್ಲಿ ಮಾತ್ರ ಇರುತ್ತದೆ, ಅದರ ಕೆಳಗೆ ಮತ್ತೆ ಬೆಳ್ಳಗಿನ ಹಸಿ ಮರ. ಸಂಗ್ರಾಹಕರು ಬೆಲೆ ಕಟ್ಟುವುದು ಈ ಪದರಕ್ಕೆ. ಇದನ್ನು ತೆಗೆದವರು ತಮ್ಮ ಕೈಯಿಂದಲೇ ದುಡ್ಡು ಕೊಟ್ಟು ವಸ್ತುವಿನ ಬೆಲೆ ಇಳಿಸಿಕೊಂಡಂತಾಯಿತು.

ಬಿಲ್ಲೆಯ ವಿಚಾರ ಸ್ವಲ್ಪ ವಿವರವಾಗಿಯೇ ಬರೆಯಬೇಕು, ಏಕೆಂದರೆ ಇದರಲ್ಲಿ ಕಾನೂನೂ ಇದೆ, ಅಪಾಯವೂ ಇದೆ. ನನ್ನ ಎರಡನೆಯ ಕ್ಯೂ ಸೋದರಮಾವನದು. 1958ರಲ್ಲಿ ವಿಲ್ಸನ್ ಜೋನ್ಸ್ ಕಲ್ಕತ್ತಾದಲ್ಲಿ ವಿಶ್ವ ಅಮೆಚೂರ್ ಬಿಲಿಯರ್ಡ್ಸ್ ಪ್ರಶಸ್ತಿ ಗೆದ್ದ ಸುದ್ದಿ ಕೇಳಿ ಹುರುಪಿನಿಂದ, ಊರು ಬಿಟ್ಟು ಹೊರಟಿದ್ದ ಆಂಗ್ಲೋ ಇಂಡಿಯನ್ ಕುಟುಂಬವೊಂದರಿಂದ ಅವರು ಅದನ್ನು ಕೊಂಡಿದ್ದರು. ಅದರ ಬಿಲ್ಲೆ ಹಳದಿ ತಿರುಗಿದ ಬೆಳ್ಳಗಿನ ಪದಾರ್ಥದ್ದು. ನಮ್ಮ ಮನೆಯಲ್ಲಿ ಅದು ಆನೆದಂತ ಎಂದೇ ಮಾತು. ಮೈಸೂರಿನಲ್ಲಿ ಬೀಟೆ ಮರದ ಮೇಲೆ ಕುಸುರಿ ಕೂರಿಸುವ ಹಿರಿಯ ಕೆಲಸಗಾರರೊಬ್ಬರಿಗೆ ತೋರಿಸಿದೆ. ಒಂದು ಕಾಲದಲ್ಲಿ ದಂತವನ್ನೇ ಕೂರಿಸುತ್ತಿದ್ದು, ನಿಷೇಧದ ನಂತರ ಪ್ಲಾಸ್ಟಿಕ್ಕಿಗೆ ಬಂದ ಕಸುಬು ಅವರದು, ಕಣ್ಣು ಪಳಗಿದೆ. ಭೂತಗನ್ನಡಿ ಇಟ್ಟು ನೋಡಿ, “ದಂತ ಅಲ್ಲ ಸಾರ್ ಇದು. ದಂತದ ಗೆರೆ ಹೀಗೆ ರೂಲ್ ಎಳ್ದಂಗೆ ನೆಟ್ಟಗೆ ಓಡಲ್ಲ” ಎಂದರು. ಆನಂತರ ಹೆಬ್ಬೆರಳಿನಿಂದ ಬಿಲ್ಲೆಯನ್ನು ಬಿಸಿಯಾಗುವಂತೆ ಗಸಗಸ ಉಜ್ಜಿ ನನ್ನ ಮೂಗಿಗೆ ಹಿಡಿದರು. ಮಂಗಳಾರತಿಯ ತಟ್ಟೆಯ ವಾಸನೆ. ಸೆಲ್ಯುಲಾಯ್ಡ್ ಎಂಬ ಹಳೆಯ ಪ್ಲಾಸ್ಟಿಕ್ಕಿನ ತಯಾರಿಕೆಗೆ ಕರ್ಪೂರ ಬಳಸುತ್ತಾರೆ ಎಂದು ಓದಿದ್ದೆ, ಅರ್ಧ ಶತಮಾನ ದಾಟಿದ ಮೇಲೂ ಅದು ಮೂಗಿಗೆ ಬಡಿಯುತ್ತದೆ ಎಂದು ಗೊತ್ತಿರಲಿಲ್ಲ.

ಇದನ್ನು ಹೇಳಲು ಕಾರಣವಿದೆ. ದಂತವೋ ಅಲ್ಲವೋ ಎಂದು ತಿಳಿಯಲು ಕಾದ ಸೂಜಿ ಚುಚ್ಚಿ ನೋಡುವ ಪರೀಕ್ಷೆ ಜನರಲ್ಲಿ ಪ್ರಚಾರದಲ್ಲಿದೆ. ಸೆಲ್ಯುಲಾಯ್ಡ್‌ಗೆ ಬೆಂಕಿ ಬೇಗ ಹತ್ತುತ್ತದೆ, ಆದ್ದರಿಂದ ಕಾದ ಸೂಜಿಯನ್ನು ಅದರ ಹತ್ತಿರಕ್ಕೂ ತರಬಾರದು. ಬಿಲ್ಲೆಯು ನಿಜವಾಗಿಯೂ ದಂತದ್ದೇ ಆಗಿದ್ದರೆ ವಿಷಯ ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1986ರಲ್ಲಿ ಆದ ತಿದ್ದುಪಡಿಯಿಂದ ಭಾರತದ ಆನೆದಂತದ ವ್ಯಾಪಾರವೂ, 1991ರ ತಿದ್ದುಪಡಿಯಿಂದ ಆಫ್ರಿಕಾದಿಂದ ಆಮದಾದ ದಂತದ ವ್ಯಾಪಾರವೂ ನಿಷಿದ್ಧವಾಗಿವೆ. ತಾತನ ಕಾಲದ್ದು ಎಂಬ ಮಾತ್ರಕ್ಕೆ ಅದನ್ನು ಮಾರಲು ಬರುವುದಿಲ್ಲ. ಅಂಥ ಕ್ಯೂವಿನ ಬಗ್ಗೆ ಮೊದಲು ಅರಣ್ಯ ಇಲಾಖೆಯ ಕಚೇರಿಯಲ್ಲಿ ವಿಚಾರಿಸಬೇಕು, ಬಡಗಿಯ ಬಳಿಗೆ ಹೋಗುವುದು ಆಮೇಲೆ.

ಇಷ್ಟೆಲ್ಲ ನೋಡಿದ ಮೇಲೂ ದುರಸ್ತಿ ಮಾಡಿಸಬೇಕೇ ಬೇಡವೇ ಎಂಬುದು ಕ್ಯೂವಿನ ಮೇಲೆ ಮಾತ್ರ ನಿಲ್ಲುವುದಿಲ್ಲ, ಯಾವುದಕ್ಕಾಗಿ ಎಂಬುದರ ಮೇಲೂ ನಿಲ್ಲುತ್ತದೆ. ಮಾರುವ ಉದ್ದೇಶವಿದ್ದರೆ ಧೂಳು ಒರೆಸುವುದನ್ನು ಬಿಟ್ಟು ಬೇರೇನೂ ಮಾಡದೆ ಇದ್ದ ಹಾಗೆಯೇ ಮಾರುವುದು ಲೇಸು, ಕೊಳ್ಳುವವನಿಗೆ ತನ್ನದೇ ಕೆಲಸಗಾರರಿರುತ್ತಾರೆ. ನೆನಪಿಗಾಗಿ ಇಟ್ಟುಕೊಳ್ಳುವುದಾದರೆ ಡೊಂಕಿಗೆ ಯಾಕೆ ಚಿಂತೆ? ಮಕ್ಕಳು ಆಟ ಕಲಿಯಲೆಂದು ಹಳೆಯ ಕ್ಯೂ ಸರಿಪಡಿಸಲು ಹೊರಡುವ ಪೋಷಕರಿಗೆ ಮಾತ್ರ ನಾನು ಬೇಡವೆನ್ನುತ್ತೇನೆ. ಬೆಂಗಳೂರಿನ ಪಂಕಜ್ ಅಡ್ವಾಣಿಯವರು 25ಕ್ಕೂ ಹೆಚ್ಚು ವಿಶ್ವ ಪ್ರಶಸ್ತಿಗಳನ್ನು ಗೆದ್ದ ಮೇಲೆ ನಮ್ಮಲ್ಲಿ ಈ ಆಟಕ್ಕೆ ಬರುವ ಮಕ್ಕಳು ಹೆಚ್ಚಿದ್ದಾರೆ, ಸಂತೋಷ. ಆದರೆ ಕಲಿಯುವ ಮಗುವಿಗೆ ಬೇಕಾದದ್ದು ನೆಟ್ಟಗಿರುವ, ಅಳತೆಗೆ ಹೊಂದುವ, ಬಿದ್ದರೂ ಮನೆಯವರ ಎದೆ ಧಸಕ್ಕೆನ್ನದ ಸಾಧಾರಣ ಹೊಸ ಕ್ಯೂ.

ಮಾವನ ಕ್ಯೂ ಏನಾಯಿತು ಎಂಬುದನ್ನು ತಿಳಿಸಿ ಮುಗಿಸುತ್ತೇನೆ. ಅದರ ಫೆರುಲ್ ಸೀಳಿತ್ತು, ಒಂದು ಕಡೆಯ ಸ್ಪ್ಲೈಸ್ ತುದಿ ಒಂದೂವರೆ ಇಂಚಿನಷ್ಟು ಬಾಯಿಬಿಟ್ಟಿತ್ತು, ನಡುವೆ ಮೂರು ಮಿಲಿಮೀಟರಿನಷ್ಟು ಬಾಗು ಇತ್ತು. ಎಳೆಗಳು ನೆಟ್ಟಗಿದ್ದವು, ಸ್ಪ್ಲೈಸ್ ಕೈಯದು, ತುದಿ 9.2 ಮಿಲಿಮೀಟರ್ ಉಳಿದಿತ್ತು. ಆ ಕುಸುರಿ ಕೆಲಸಗಾರರೇ ಬಾಯಿಬಿಟ್ಟ ಕಡೆ ಬಿಸಿನೀರು ಬಿಟ್ಟು, ಹಳೆಯ ಬ್ಲೇಡಿನ ಅಂಚಿನಿಂದ ಕೊಳೆ ತೆಗೆದು, ತೆಳ್ಳಗೆ ಕಾಸಿದ ಸರೇಸು ಇಳಿಸಿ, ಸೈಕಲ್ ಟ್ಯೂಬಿನ ಪಟ್ಟಿಯನ್ನು ಬಿಗಿಯಾಗಿ ಸುತ್ತಿ ಎರಡು ದಿನ ಬಿಟ್ಟರು. ಫೆರುಲ್ ಮತ್ತು ಟಿಪ್ಪನ್ನು ಬೇರೆ ಕಡೆ ಹಾಕಿಸಿದೆ. ಎಲ್ಲ ಸೇರಿ 1,400 ರೂಪಾಯಿ. ಬಾಗನ್ನು ಮುಟ್ಟಲಿಲ್ಲ, ಬಟ್ಟಿನ ಮೇಲೆ ಮಾವನ ಉಂಗುರ ತಾಗಿ ಬಿದ್ದ ಗೀರುಗಳನ್ನೂ ಮುಟ್ಟಲಿಲ್ಲ. ಶಾಫ್ಟಿಗೆ ಅಗಸೆ ಎಣ್ಣೆ ಸವರಿ, ಒರೆಸಿ, ಒಂದು ದಿನ ಬಿಟ್ಟು ಮತ್ತೆ ಒಣ ಬಟ್ಟೆಯಿಂದ ಉಜ್ಜಿದೆ. ಈಗ ವಾರಕ್ಕೊಮ್ಮೆ ಅದರಲ್ಲೇ ಆಡುತ್ತೇನೆ. ಆಟ ಮುಗಿದ ಮೇಲೆ ಮೂಲೆಗೆ ಒರಗಿಸದೆ, ಗೋಡೆಗೆ ಹೊಡೆದ ಗೂಟದ ಕೊಂಡಿಯಿಂದ ತೂಗುಹಾಕುತ್ತೇನೆ.

ತಮ್ಮ ಮುಂದಿನ ಭಾನುವಾರದ ಪುರವಣಿಯಲ್ಲಿ, ಲೇಖನದ ಆ ಪ್ಯಾರಾ ಎರಡು ತುಂಡಿನ ಅಮೆರಿಕನ್ ಪೂಲ್ ಕ್ಯೂಗಳಿಗೂ ಪೂರ್ತಿಯಾಗಿ ಅನ್ವಯಿಸುವುದಿಲ್ಲ, ಒಂದೇ ತುಂಡಿನ ಹಳೆಯ ಇಂಗ್ಲಿಷ್ ಕ್ಯೂಗಳಿಗಂತೂ ಅನ್ವಯಿಸುವುದೇ ಇಲ್ಲ ಎಂಬ ಒಂದು ಸಾಲಿನ ತಿದ್ದುಪಡಿಯನ್ನಾದರೂ ಪ್ರಕಟಿಸಬೇಕೆಂದು ಕೋರುತ್ತೇನೆ. ಮಳೆಗಾಲಕ್ಕೆ ಮುಂಚೆ ಉಗ್ರಾಣ ಖಾಲಿ ಮಾಡುವ ಕ್ಲಬ್ಬುಗಳ ಆಡಳಿತ ಸಮಿತಿಯವರು, ಕಟ್ಟು ಕಟ್ಟಿಟ್ಟ ಮುರಿದ ಕ್ಯೂಗಳನ್ನು ಸೌದೆಯ ಲೆಕ್ಕದಲ್ಲಿ ಕೊಡುವ ಮೊದಲು ಒಂದೊಂದರ ಬಟ್ಟನ್ನು ಒದ್ದೆ ಬಟ್ಟೆಯಿಂದ ಒರೆಸಿ ಬಿಲ್ಲೆ ಇದೆಯೇ, ಸ್ಪ್ಲೈಸಿನ ತುದಿ ದುಂಡಗಿದೆಯೇ ಎಂದು ನೋಡಿದರೆ ಅರ್ಧ ಗಂಟೆಯ ಕೆಲಸ.

ತಮ್ಮ ವಿಶ್ವಾಸಿ,
ಒಬ್ಬ ಹಳೆಯ ಓದುಗ
ಮೈಸೂರು